ನಾಲ್ಕು ಜನರ ಮುಂದೆ ಹೇಳಿದ್ದು

ಫೆಬ್ರುವರಿ 3, ಸೋಮವಾರ

ವಿದ್ಯುತ್ ಪೂರೈಕೆ ತಿದ್ದುಪಡಿ ಮಸೂದೆ ನಮ್ಮ ಸಮಿತಿಗೇ ಬಂದಿದೆ. ಸುದ್ದಿ ಹೇಳಿದವರು ಸಮಿತಿಯ ಕಾರ್ಯದರ್ಶಿ, ನಮ್ಮ ಸಾಹೇಬರು, ಕಾರಿಡಾರಿನಲ್ಲಿ ಚಹಾ ಲೋಟ ಹಿಡಿದು ನಿಂತುಕೊಂಡೇ. "ಆರು ವಾರ ಕೊಟ್ಟಿದ್ದಾರೆ. ವರದಿಯ ಕರಡು ನಿಮ್ಮದೇ," ಎಂದರು.

ಹದಿನೈದು ಸದಸ್ಯರ ಸಮಿತಿ. ಸರ್ಕಾರದ ಮಸೂದೆಯನ್ನು ಸದನ ಒಪ್ಪುವ ಮೊದಲು ಒಂದೊಂದೇ ಕಲಮು ಬಿಡಿಸಿ ನೋಡುವುದು, ಇಲಾಖೆಯವರನ್ನೂ ಜನರನ್ನೂ ಕರೆಸಿ ಕೇಳುವುದು, ವರದಿ ಕೊಡುವುದು ಅದರ ಕೆಲಸ. ಕಾಗದ ಜೋಡಿಸುವುದು, ಸಭೆ ಸಿಂಧುವಾಗಲು ಕೋರಂಗೆ ಬೇಕಾದ ಐದು ತಲೆ ಇವೆಯೇ ಎಂದು ನೋಡುತ್ತಿರುವುದು, ಸದಸ್ಯರು ಆಡಿದ್ದನ್ನು ವರದಿಯ ಭಾಷೆಗೆ ತರುವುದು ನನ್ನ ಕೆಲಸ.

ಒಂಬತ್ತನೇ ಕಲಮನ್ನು ಎರಡು ಸಲ ಓದಿದೆ. ಈಗಿನ ಕಾನೂನಿನಲ್ಲಿ ಉಸಿರಾಟದ ಯಂತ್ರ ಇರುವ ಮನೆಯ ಕರೆಂಟು ತೆಗೆಯುವ ಮುಂಚೆ ಕಂಪನಿಯವರು ದೊಡ್ಡ ಬ್ಯಾಟರಿ ತಂದು ಜೋಡಿಸಿ ಕೊಡಬೇಕು. ಈ ಮಸೂದೆ ಆ ಕಟ್ಟಳೆಯನ್ನು ತೆಗೆದುಹಾಕುತ್ತದೆ. ಇಂಥ ಮನೆಗಳಿಗೆ ಏನು ಮಾಡಬೇಕೆಂಬ ನಡಾವಳಿಯನ್ನು ಕಂಪನಿಗಳು ತಮಗೆ ಸರಿ ಕಂಡಂತೆ ಮಾಡಿಕೊಳ್ಳಬಹುದು.

ಅಂಥ ಮನೆ ನಮ್ಮದು. ಅಣ್ಣನ ಆಕ್ಸಿಜನ್ ಯಂತ್ರ ನಡುಮನೆಯಲ್ಲಿ ಹಗಲೂ ರಾತ್ರಿ ಗುರುಗುಡುತ್ತದೆ. ಸಾಹೇಬರಿಗೆ ಅದನ್ನು ಹೇಳಿ, ಈ ಮಸೂದೆ ಬೇರೆಯವರಿಗೆ ಕೊಡಿ ಎಂದೆ.

"ಬೇರೆಯವರು ಅಂದ್ರೆ ಯಾರ್ರೀ? ಇರೋದೇ ನಾವಿಬ್ರು. ನೀವೇನು ಓಟು ಹಾಕ್ತೀರಾ? ಬರೆಯೋರು ತಾನೇ. ಫೈಲಲ್ಲಿ ಒಂದು ಸಾಲು ಬರೆದಿಡಿ, ಸಾಕು."

ಬರೆದಿಟ್ಟೆ. ಸಮಿತಿಯ ಅಧ್ಯಕ್ಷೆಯೂ ನೋಡಿ ಸಹಿ ಹಾಕಿದರು.

ರಾತ್ರಿ ಊಟಕ್ಕೆ ಕೂತಾಗ ಅಣ್ಣ ಕೇಳಿದ. "ಪೇಪರಲ್ಲಿ ಬಂದಿದೆ ಪುಟ್ಟಿ, ನಿಮ್ಮ ಸಮಿತಿಗೆ ಹೋಯ್ತಂತೆ. ಏನಂತಾರೆ?" ನನಗೆ ಐವತ್ತಮೂರು. ಇನ್ನೂ ಪುಟ್ಟಿಯೇ. ಒಳಗಿನ ಮಾತು ವರದಿ ಮಂಡನೆಯಾಗುವವರೆಗೆ ಹೊರಗೆ ಆಡುವಂತಿಲ್ಲ ಎಂದೆ.

ಅತ್ತಿಗೆ ತಟ್ಟೆ ಎತ್ತುತ್ತ, "ಊರಿಗೆಲ್ಲ ದೀಪ ಹಚ್ಚೋಳು, ಮನೆಯವರಿಗೆ ಮಾತ್ರ ಬೆಂಕಿಪೊಟ್ಟಣ ಎಲ್ಲಿದೆ ಅಂತ ಹೇಳಲ್ಲ," ಎಂದರು. ಅಣ್ಣ ನಕ್ಕ. ನಕ್ಕರೆ ಕೆಮ್ಮು ಬರುತ್ತದೆ. ಬಂತು.

ಫೆಬ್ರುವರಿ 12, ಬುಧವಾರ

ಇಲಾಖೆಯ ಸಾಕ್ಷ್ಯ ಮುಗಿಯಿತು. ಬಂದ ಅಧಿಕಾರಿ ಚೆನ್ನಾಗಿ ತಯಾರಾಗಿದ್ದರು. ಒಂಬತ್ತನೇ ಕಲಮು ಬಂದಾಗ, "ಬ್ಯಾಟರಿ ತಲುಪದೆ ಯಾರದಾದರೂ ಜೀವಕ್ಕೆ ಅಪಾಯವಾದ ನಿದರ್ಶನ ಒಂದೂ ಇಲ್ಲ. ಬ್ಯಾಟರಿ ಹೊತ್ತು ತಿರುಗುವ ಖರ್ಚು ಮಾತ್ರ ಇದೆ," ಎಂದರು.

ಅಧ್ಯಕ್ಷೆ ವೈದ್ಯರಾಗಿದ್ದವರು, ಕೇಳುವುದನ್ನು ಮೆಲ್ಲಗೆ ಕೇಳುತ್ತಾರೆ. "ಒಂದು ಸಿಕ್ಕರೆ?"

"ಒಂದು ಸಿಕ್ಕರೂ ಇಲಾಖೆ ಈ ಕಲಮನ್ನು ಕೈಬಿಡುತ್ತದೆ ಮೇಡಂ."

ಇದು ದಾಖಲಾಗಿದೆ. ಶೀಘ್ರಲಿಪಿಯ ಹುಡುಗಿಯ ಪಕ್ಕದಲ್ಲೇ ನಾನಿದ್ದೆ.

ಹೋದ ಬೇಸಿಗೆಯಲ್ಲಿ ತಂತಿ ರಿಪೇರಿಗೆಂದು ನಮ್ಮ ಬೀದಿಯ ಕರೆಂಟು ತೆಗೆದರು. ಬ್ಯಾಟರಿ ಬರಲಿಲ್ಲ. ನಾನು ಆಫೀಸಿನಲ್ಲಿದ್ದೆ. ಅತ್ತಿಗೆ ಫೋನು ಮಾಡಿದಾಗ ಅಣ್ಣ ಆಗಲೇ ಆಸ್ಪತ್ರೆಯಲ್ಲಿದ್ದ. ಬದುಕಿ ಬಂದನಲ್ಲ ಎಂಬ ಸಮಾಧಾನದಲ್ಲಿ ದೂರು ಕೊಡುವುದು ಯಾರಿಗೂ ಹೊಳೆಯಲಿಲ್ಲ.

ಅಧಿಕಾರಿ ಬೇಡಿದ ಆ ಒಂದು ನಿದರ್ಶನ ನಮ್ಮ ನಡುಮನೆಯಲ್ಲಿ ಪೇಪರು ಓದುತ್ತ ಕೂತಿದೆ. ಸಭೆಯಲ್ಲಿ ನಾನು ಬಾಯಿ ತೆರೆಯುವಂತಿಲ್ಲ. ಮನೆಗೆ ಬಂದು ಅಧಿಕಾರಿ ಏನಂದರು ಎಂದು ಹೇಳುವಂತೆಯೂ ಇಲ್ಲ. ಅಣ್ಣ ಕೇಳಿದ. "ನಡೀತಿದೆ," ಎಂದೆ.

ಫೆಬ್ರುವರಿ 14, ಶುಕ್ರವಾರ

ಸಾರ್ವಜನಿಕರಿಂದ ಬಂದ ಮನವಿಗಳ ಕಟ್ಟು ಬಿಚ್ಚಿದರೆ ನಡುವೆ ಅಣ್ಣನ ಕೈಬರಹ. ನನಗೆ ಒಂದು ಮಾತು ಹೇಳಿಲ್ಲ. ಪತ್ರದಲ್ಲಿ ಇದ್ದದ್ದು ಇಷ್ಟೇ: ಒಂಬತ್ತನೇ ಕಲಮಿನ ಬಗ್ಗೆ ನನ್ನ ಮೈಮೇಲೆ ಬಂದ ಸಂಗತಿ ಒಂದಿದೆ, ಕರೆದರೆ ಬಂದು ಬಾಯಲ್ಲಿ ಹೇಳುತ್ತೇನೆ.

ಹಾಗೇ ಸಾಹೇಬರಿಗೆ ಕೊಟ್ಟೆ. ಸಂಜೆಯೊಳಗೆ ಅಧ್ಯಕ್ಷೆ ಅದರ ಮೇಲೆ "ಇವರನ್ನು ಕರೆಯಿರಿ" ಎಂದು ಬರೆದು ಕಳಿಸಿದರು. ಇಪ್ಪತ್ತನೇ ತಾರೀಕು.

"ಎಲ್ಲಾನೂ ಪತ್ರದಲ್ಲೇ ಬರೆದಿದ್ರೆ ಆಗ್ತಿತ್ತಲ್ಲ ಅಣ್ಣ?" ಎಂದು ಮನೆಯಲ್ಲಿ ಕೇಳಿದೆ.

ಅಣ್ಣ ಸಗಟು ತರಕಾರಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವನು. ಅಲ್ಲಿನ ಧೂಳೇ ಅವನ ಶ್ವಾಸಕೋಶ ತಿಂದದ್ದು. "ಚೀಟಿ ಅಂಟಿಸಿಟ್ಟ ಮಾಲನ್ನ… ಯಾರೂ ಮೂಸಲ್ಲ ಪುಟ್ಟಿ," ಎಂದ. ಉಸಿರು ತುಂಬಿಕೊಂಡು, "ಕೂಗಿದ್ದಕ್ಕೇ… ಬೆಲೆ."

ಕೇಳಿದ್ದು ತಪ್ಪಾಯಿತೇನೋ. ಸಾಕ್ಷಿಯ ಜೊತೆ ಸಾಕ್ಷ್ಯದ ವಿಷಯ ಮಾತಾಡಬಾರದು. ಇನ್ನು ಇಪ್ಪತ್ತರವರೆಗೆ ಈ ಮಾತು ಎತ್ತುವುದಿಲ್ಲ ಎಂದುಕೊಂಡಿದ್ದೇನೆ.

ಫೆಬ್ರುವರಿ 18, ಮಂಗಳವಾರ

ಅಣ್ಣ ತಾಲೀಮು ಮಾಡುತ್ತಿದ್ದಾನೆ. ನಾನು ಸ್ನಾನದ ಮನೆಯಲ್ಲಿ ನೀರು ಜೋರಾಗಿ ಬಿಟ್ಟುಕೊಂಡು ನಿಂತೆ. ಆದರೂ ಅತ್ತಿಗೆಯ ದನಿ ಕೇಳಿತು: "ಪೀಠಿಕೆ ಕಮ್ಮಿ ಮಾಡ್ರೀ. ಇರೋ ಉಸಿರೆಲ್ಲ ನಮಸ್ಕಾರಕ್ಕೇ ಮುಗಿಸ್ತೀರಾ?"

ಫೆಬ್ರುವರಿ 20, ಗುರುವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಸಭೆ ಹನ್ನೊಂದಕ್ಕೆ. ಬಂದ ಸದಸ್ಯರು ಎಂಟು ಜನ. ಮೊದಲು ಕಂಪನಿಗಳ ಒಕ್ಕೂಟದವರು ಮಾತಾಡಿದರು, ಚಿತ್ರ ತೋರಿಸಿದರು, ಮುಗಿಯಲೇ ಇಲ್ಲ. ಅಷ್ಟರಲ್ಲಿ ಸದನದಲ್ಲಿ ಮತದ ಗಂಟೆ ಹೊಡೆಯಿತು, ಎಲ್ಲರೂ ಎದ್ದು ಓಡಿದರು. ಮತ ಹಾಕಿ ವಾಪಸು ಬಂದವರು ಐದು ಜನ. ಕೋರಂಗೆ ಸರಿಯಾಗಿ ಐದು.

ಅಣ್ಣನನ್ನು ಗಾಲಿಕುರ್ಚಿಯಲ್ಲಿ ಕರೆತಂದರು. ತೊಡೆಯ ಮೇಲೆ ಆ ದಿನಕ್ಕೆಂದು ಬಾಡಿಗೆಗೆ ತಂದ ಸಣ್ಣ ಸಿಲಿಂಡರು, ಹಿಂದೆ ಅತ್ತಿಗೆ. ಒಗೆದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅದರ ಕಾಲರು ಅವನ ಕೊರಳಿಗೆ ದೊಡ್ಡದಾಗಿ ಕಂಡಿತು. ನಾನು ಅವನ ಕಡೆ ನೋಡಲಿಲ್ಲ. ಅವನೂ ನೋಡಲಿಲ್ಲ.

"ನಮಸ್ಕಾರ ತಾಯಿ," ಎಂದ. "ನಾನು ಹರಾಜು… ಕೂಗಿ ಬದುಕಿದೋನು. ಈಗ ನಂದು… ಕಂತಿನ ಮಾತು. ಸ್ವಲ್ಪ… ಸಹಿಸ್ಕೊಳ್ಳಿ."

ಎಲ್ಲರೂ ನಕ್ಕರು. ಅಧ್ಯಕ್ಷೆ, "ಅವಸರ ಇಲ್ಲ ಯಜಮಾನರೇ," ಎಂದರು.

"ಹೋದ ಬೇಸಿಗೇಲಿ ಒಂದು ದಿನ… ಬೆಳಿಗ್ಗೆ ಕರೆಂಟು ಹೋಯ್ತು. ಬ್ಯಾಟರಿ…"

ಬಾಗಿಲ ಪಕ್ಕದಲ್ಲಿ ಕೂರುವ ಸದಸ್ಯರ ಫೋನು ನಡುಗಿತು. ಯಾವಾಗಲೂ ಬಾಗಿಲ ಪಕ್ಕವೇ ಕೂರುತ್ತಾರೆ. ಬಗ್ಗಿಕೊಂಡು, ಕೈಯಿಂದಲೇ ಕ್ಷಮೆ ಕೇಳುತ್ತ, ಹೊರಗೆ ಹೋದರು. ನಾಲ್ಕು.

ಒಬ್ಬರು ಎದ್ದು ಹೋದರೆ ಸ್ವಲ್ಪ ಕಾಯುವುದು ವಾಡಿಕೆ. ಕಾದೆ. ಅವರನ್ನು ಕರೆತರಲು ಜವಾನನನ್ನು ಕಳಿಸಿದೆ. ಅಣ್ಣ "ಬ್ಯಾಟರಿ ಬರಲಿಲ್ಲ" ಎಂಬಲ್ಲಿಗೆ ತಲುಪಿದ್ದ. ಗೋಡೆಯ ಬದಿಯ ಸಾಲಿನಲ್ಲಿ ಇಲಾಖೆಯ ಅಧಿಕಾರಿ ತಲೆ ಎತ್ತಿ ಖಾಲಿ ಕುರ್ಚಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

ಹಿಂದೆ ಇನ್ನೊಂದು ಸಮಿತಿಯ ವರದಿಯನ್ನು ಸದನದ ಸಭಾಪತಿಗಳು ಇಡಿಯಾಗಿ ತಿರಸ್ಕರಿಸಿದ್ದರು. ಕೋರಂ ಇಲ್ಲದೆ ಸಾಕ್ಷ್ಯ ಕೇಳಿದರು ಎಂಬುದೇ ಕಾರಣ. ಆಗ ಕಡತ ಹಿಡಿದು ಆಕ್ಷೇಪ ಎತ್ತಿಸಿದ್ದು ಇದೇ ಇಲಾಖೆ. ನಾನು ಸುಮ್ಮನಿದ್ದರೆ ಅಣ್ಣನ ಮಾತಿನ ಜೊತೆ ಇಡೀ ವರದಿಯೇ ಹೋಗುತ್ತದೆ. ಹೇಳಿದರೆ ಅಣ್ಣನ ಮಾತೊಂದು ಹೋಗುತ್ತದೆ.

"ಕೋರಂ ಇಲ್ಲ" ಎಂದು ಚೀಟಿ ಬರೆದು ಅಧ್ಯಕ್ಷೆಯ ಮುಂದೆ ಸರಿಸಿದೆ.

ಅವರು ಓದಿ ಕನ್ನಡಕ ತೆಗೆದರು. "ಕ್ಷಮಿಸಿ ಯಜಮಾನರೇ. ಕೋರಂ ತಪ್ಪಿದೆ. ದಾಖಲೆ ನಿಲ್ಲಿಸಬೇಕು."

"ನಾನೂ… ನಿಲ್ಲಿಸಬೇಕಾ?"

"ಬೇಡ, ಬೇಡ. ನೀವು ಹೇಳಿ. ನಾವು ಕೇಳ್ತೀವಿ."

ಶೀಘ್ರಲಿಪಿಯ ಹುಡುಗಿ ಯಂತ್ರದಿಂದ ಬೆರಳು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು. ಅಣ್ಣ ಒಮ್ಮೆ ಅವಳ ಕೈ ನೋಡಿದ. ಆದರೂ ಹೇಳಿದ. ಮನೆಯಲ್ಲಿದ್ದ ಸಣ್ಣ ಬ್ಯಾಟರಿ ಮುಗಿದದ್ದು, ಕಂಪನಿಯ ಫೋನಿನಲ್ಲಿ ಹಾಡು ಬರುತ್ತಲೇ ಇದ್ದದ್ದು, ಅತ್ತಿಗೆ ಬೀದಿಗೆ ಓಡಿದ್ದು, ಅಂಗಡಿಯವರಿಬ್ಬರು ಅವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದದ್ದು.

"ಕೂಗೋದು… ನನ್ನ ಕಸುಬು ತಾಯಿ. ಅವತ್ತು ಬೀದೀಲಿ ನಿಂತು… ಇವಳು ಕೂಗಿದಳು. ನನ್ನ ಬಾಯಿ… ತೆರೆದೇ ಇತ್ತು. ದನಿ… ಬರಲಿಲ್ಲ."

ಇದನ್ನು ಅಣ್ಣ ನನಗೂ ಹೇಳಿರಲಿಲ್ಲ. ಅಧ್ಯಕ್ಷೆಯ ಬಲಗಡೆಯ ಸದಸ್ಯರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

ಆಗ ಜವಾನ ಬಾಗಿಲ ಪಕ್ಕದ ಸದಸ್ಯರನ್ನು ಕರೆದುಕೊಂಡು ಬಂದ. "ಸಾರಿ ಮೇಡಂ, ಮಗಳ ಫೋನು. ಪರೀಕ್ಷೆ ಫೇಲಾಗಿ ಅಳ್ತಾ ಇದ್ದಳು," ಎಂದರು. ಸುಳ್ಳು ಹೇಳುವ ಮುಖವಾಗಿರಲಿಲ್ಲ.

"ಈಗ ಕೋರಂ ಇದೆ," ಎಂದರು ಅಧ್ಯಕ್ಷೆ. "ಯಜಮಾನರೇ, ದಯವಿಟ್ಟು ಇನ್ನೊಂದು ಸಲ ಹೇಳ್ತೀರಾ? ದಾಖಲೆಗೆ."

ಹುಡುಗಿ ಬೆರಳು ಕೀಲಿಗಳ ಮೇಲೆ ಇಟ್ಟಳು. ಅಣ್ಣ ಬಾಯಿ ತೆರೆದ. ಬರೀ ಗಾಳಿ ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ತುಟಿ ಬಣ್ಣ ಬದಲಾಗುತ್ತಿತ್ತು. ಕೈ ಅಲ್ಲಾಡಿಸಿದ.

"ಆಗಲ್ಲ ಮೇಡಂ, ಅವರ ಹತ್ರ ಇದ್ದದ್ದೇ ಅಷ್ಟು," ಎಂದರು ಅತ್ತಿಗೆ. "ನಾನು ಹೇಳ್ಲಾ? ನಾನೇ ಅಲ್ಲಿದ್ದೋಳು."

ಅಧ್ಯಕ್ಷೆ ಸಾಹೇಬರ ಕಡೆ ನೋಡಿದರು. ಸಮನ್ಸು ಇವರ ಹೆಸರಿಗಿಲ್ಲ, ಬೇಕಾದರೆ ಇಬ್ಬರಿಗೂ ಇನ್ನೊಂದು ದಿನ ಕೊಡಬಹುದು ಎಂದರು ಸಾಹೇಬರು. ಇಪ್ಪತ್ತೇಳಕ್ಕೆ ಕೊಟ್ಟರು.

ಫೆಬ್ರುವರಿ 21, ಶುಕ್ರವಾರ

ದಾಖಲೆಯ ಪ್ರತಿ ಬಂತು. ಅಣ್ಣನ ಪಾಲಿಗೆ ಇರುವುದು: ಸಾಕ್ಷಿ ತಮ್ಮ ಪರಿಚಯ ಹೇಳಿದರು, ಹೋದ ಬೇಸಿಗೆಯಲ್ಲಿ ಒಂದು ದಿನ ಕರೆಂಟು ಹೋಯಿತೆಂದರು. ಕೋರಂ ಇಲ್ಲದ ಕಾರಣ ದಾಖಲೆ ನಿಲ್ಲಿಸಲಾಯಿತು. ಮತ್ತೆ ಆರಂಭವಾದಾಗ ಸಾಕ್ಷಿ ಏನೂ ಹೇಳಲಿಲ್ಲ.

ತಪ್ಪೇನೂ ಇಲ್ಲ. ತಾಳೆ ನೋಡಿ ಸಹಿ ಹಾಕಿದೆ.

ಅತ್ತಿಗೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಚಹಾ ಕೊಡುತ್ತಾರೆ, ಮೇಜಿನ ಮೇಲೆ ಕುಕ್ಕಿ. ಅಣ್ಣನೇ, "ಬಿಡೇ. ಕೊಳ್ಳೋರು ಎದ್ದು ಹೋದ್ರೆ… ಹರಾಜು ನಿಲ್ಲಿಸಲೇಬೇಕು. ನಮ್ಮಲ್ಲೂ… ಅದೇ," ಎಂದ.

"ನಿಲ್ಲಿಸಿದೋರು ಯಾರೂಂತ ನೋಡಿದ್ರಾ?" ಎಂದರು ಅತ್ತಿಗೆ.

"ನೋಡ್ದೆ. ಬಾಗಿಲು ನೋಡಿ ನೋಡಿ… ಆಮೇಲೆ ಬರೆದಳು."

ನನಗೆ ಅದು ನೆನಪಿಲ್ಲ.

ಫೆಬ್ರುವರಿ 25, ಮಂಗಳವಾರ

ಅಣ್ಣ ಆಸ್ಪತ್ರೆಯಲ್ಲಿ. ಎದೆಯಲ್ಲಿ ಸೋಂಕು. ಜನರ ನಡುವೆ ಹೋಗಿದ್ದರಾ ಎಂದು ಡಾಕ್ಟರು ಕೇಳಿದರು. ಅತ್ತಿಗೆ ನನ್ನ ಮುಖ ನೋಡಿ, "ಹೋಗಿದ್ರು. ಎಂಥೆಂಥ ದೊಡ್ಡ ಜನ!" ಎಂದರು.

ಫೆಬ್ರುವರಿ 27, ಗುರುವಾರ

ಸಾಕ್ಷಿಗಳು ಗೈರುಹಾಜರು. ಅತ್ತಿಗೆ ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತಿದ್ದಾರೆ, ಕದಲುವುದಿಲ್ಲ. ಸಾಕ್ಷ್ಯ ಕೇಳುವುದು ಇಂದಿಗೆ ಮುಗಿಯಿತು. ಅವಧಿ ವಿಸ್ತರಣೆಗೆ ಅಧ್ಯಕ್ಷೆ ಬರೆದಿದ್ದ ಪತ್ರಕ್ಕೆ "ಸಾಧ್ಯವಿಲ್ಲ" ಎಂದು ಉತ್ತರ ಬಂದಿದೆ.

ಮಾರ್ಚ್ 4, ಮಂಗಳವಾರ

ಅತ್ತಿಗೆ ಅದೇ ಬೆಂಚಿನಲ್ಲಿ ಕೂತು ನಡೆದದ್ದನ್ನೆಲ್ಲ ಬರೆದು ಅಂಚೆಗೆ ಹಾಕಿದ್ದಾರೆ. ಇವತ್ತು ಸಮಿತಿಯ ಮುಂದೆ ಬಂತು. ಅಧ್ಯಕ್ಷೆ ಸ್ವೀಕರಿಸೋಣ ಎಂದರು. ಗಡುವು ದಾಟಿದ ಕಾಗದಕ್ಕೆ ಎಲ್ಲರ ಒಪ್ಪಿಗೆ ಬೇಕು. ಬಾಗಿಲ ಪಕ್ಕದ ಸದಸ್ಯರು ಬಹಳ ವಿನಯದಿಂದಲೇ, "ಇವರಿಗೆ ಬಾಗಿಲು ತೆರೆದರೆ ಕಂಪನಿಯವರೂ ಇನ್ನಷ್ಟು ಕಾಗದ ತರ್ತಾರೆ. ಆಮೇಲೆ ನಾವು ಬೇಡ ಅನ್ನೋಕಾಗುತ್ತಾ?" ಎಂದರು.

ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಕಾಗದ ವಾಪಸು ಹೋಯಿತು. ಲಕೋಟೆಯ ಮೇಲೆ ನಮ್ಮ ಮನೆಯ ವಿಳಾಸ ಬರೆದವಳು ನಾನು.

ಮಾರ್ಚ್ 10, ಸೋಮವಾರ

ಅಣ್ಣ ಮನೆಗೆ ಬಂದಿದ್ದಾನೆ. ಯಂತ್ರದ ಅಂಕಿ ಎರಡು ಲೀಟರಿನಿಂದ ನಾಲ್ಕಕ್ಕೆ ಏರಿಸಿದ್ದಾರೆ. ಅವನಿಗೀಗ ಮಂಚದ ಮೇಲೇ ಊಟ.

ಕರಡು ಬರೆಯುವ ದಿನ. ಅಧ್ಯಕ್ಷೆ ತಮ್ಮ ಕೋಣೆಗೆ ಕರೆಸಿ ಬಾಗಿಲು ಹಾಕಿಸಿದರು. "ನಾವು ನಾಲ್ಕು ಜನ ಕಿವಿಯಾರೆ ಕೇಳಿದ್ದೀವಲ್ಲ. ಅದನ್ನೇ ವರದೀಲಿ ಹಾಕಿದರೆ?"

"ಕೇಳಿದ್ದು ಬೇರೆ, ದಾಖಲಾಗಿದ್ದು ಬೇರೆ ಮೇಡಂ. ದಾಖಲೇಲಿ ಇಲ್ಲದ್ದು ವರದೀಲಿ ಇದ್ದರೆ ಇಡೀ ವರದಿ ಬೀಳುತ್ತೆ," ಎಂದರು ಸಾಹೇಬರು.

ಅಧ್ಯಕ್ಷೆ ನನ್ನತ್ತ ತಿರುಗಿದರು. "ನೀವೇನು ಹೇಳ್ತೀರಿ?"

ಇಷ್ಟು ವರ್ಷಗಳಲ್ಲಿ ಯಾವ ಅಧ್ಯಕ್ಷರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಸಾಹೇಬರು ಹೇಳಿದ್ದು ಸರಿ ಎಂದೆ. ಸರಿಯೇ ಅದು.

ಅವರು ಕಿಟಕಿಯ ಕಡೆ ನೋಡುತ್ತ, "ಹಾಗಾದ್ರೆ ಬರೆಯಿರಿ," ಎಂದರು.

ಒಂಬತ್ತನೇ ಕಲಮಿನ ಕೆಳಗೆ ಬರೆದೆ: "ಬ್ಯಾಟರಿ ತಲುಪದೆ ಜೀವಾಪಾಯವಾದ ಒಂದು ನಿದರ್ಶನವೂ ಸಮಿತಿಯ ಮುಂದೆ ಬಂದಿಲ್ಲ. ಆದರೂ ಕಂಪನಿಗಳು ತಮ್ಮ ನಡಾವಳಿಯಲ್ಲಿ ಇಂಥ ಮನೆಗಳ ಕಾಳಜಿ ವಹಿಸುವವೆಂದು ಸಮಿತಿ ಆಶಿಸುತ್ತದೆ." ವಾಕ್ಯ ಬೇರೆ ರೀತಿ ಬರುತ್ತದೆಯೇ ಎಂದು ಸಂಜೆಯವರೆಗೆ ಕೂತು ನೋಡಿದೆ. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು.

ಮಾರ್ಚ್ 13, ಗುರುವಾರ

ಕರಡು ಒಪ್ಪಿಗೆಯಾಯಿತು. ಇವತ್ತು ಹನ್ನೊಂದು ಜನ ಬಂದಿದ್ದರು.

ರಾತ್ರಿ ಅಣ್ಣನ ಮಂಚದ ಬಳಿ ಕೂತು ಎಲ್ಲ ಹೇಳಿದೆ. ಅಧಿಕಾರಿ "ಒಂದು ಸಿಕ್ಕರೂ" ಎಂದದ್ದು, ಅತ್ತಿಗೆಯ ಪತ್ರಕ್ಕೆ ಆದದ್ದು, ನಾನು ಬರೆದ ವಾಕ್ಯ, ಅಧ್ಯಕ್ಷೆ ಕಿಟಕಿ ನೋಡಿದ್ದು. ಅಣ್ಣ ಕಣ್ಣು ಮುಚ್ಚಿಕೊಂಡಿದ್ದ. ನಿದ್ದೆ ಬಂದಿರಬೇಕು ಎಂದುಕೊಂಡು ಎದ್ದರೆ, "ಕೊಳವೆ ಸ್ವಲ್ಪ… ಸರಿ ಮಾಡು," ಎಂದ. ಕಿವಿಯ ಹಿಂದೆ ಹುಣ್ಣಾಗಿದೆ. ಹತ್ತಿ ಇಟ್ಟೆ.

ಈಚೆಗೆ ಅವನು ಸಮಿತಿಯ ವಿಷಯ ಕೇಳುವುದಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ.

ಅತ್ತಿಗೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಇಪ್ಪತ್ತು ದಿನದ ಮೇಲೆ ಮಾತಾಡಿದರು. "ಊಟ ಮಾಡು ಬಾ. ನೀನೂ ಒಣಗಿ ಕಡ್ಡಿಯಾಗಿದ್ದೀಯ."

ಮಾರ್ಚ್ 17, ಸೋಮವಾರ

ವರದಿ ಮಂಡನೆಯಾಯಿತು. ಇನ್ನು ಹೊರಗೆ ಮಾತಾಡಬಹುದು.

ಮಾರ್ಚ್ 24, ಸೋಮವಾರ

ಮಸೂದೆ ಪಾಸಾಯಿತು, ಧ್ವನಿಮತದಿಂದ. ನಾನು ಅಧಿಕಾರಿಗಳ ಗ್ಯಾಲರಿಯಲ್ಲಿದ್ದೆ. ವಿರೋಧ ಪಕ್ಷದವರಲ್ಲಿ ಒಬ್ಬರು ಒಂಬತ್ತನೇ ಕಲಮಿನ ಬಗ್ಗೆ ಕೇಳಿದಾಗ ಮಂತ್ರಿಗಳು ನಮ್ಮ ವರದಿಯನ್ನೇ ಎತ್ತಿ ಹಿಡಿದರು. "ಸಮಿತಿ ಆರು ವಾರ ಹುಡುಕಿದೆ. 'ಒಂದು ನಿದರ್ಶನವೂ ಸಮಿತಿಯ ಮುಂದೆ ಬಂದಿಲ್ಲ.' ಇದು ನನ್ನ ಮಾತಲ್ಲ, ಸಮಿತಿಯ ಮಾತು." ಅವರ ಪಕ್ಷದವರು ಮೇಜು ಕುಟ್ಟಿದರು.

ಅಧ್ಯಕ್ಷೆ ತಮ್ಮ ಜಾಗದಲ್ಲಿ ಎದ್ದು ನಿಂತಿದ್ದರು. ಮಾತಾಡಲು ಸಮಯ ಸಿಗಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಕೂತರು.

ಬಾಗಿಲ ಪಕ್ಕದ ಸದಸ್ಯರು ಹೊರಗೆ ಸಿಕ್ಕರು. "ಆ ಯಜಮಾನರು ಹೇಗಿದ್ದಾರೆ? ನಿಮ್ಮ ಕಡೆಯೋರಂತೆ. ಅವತ್ತೇ ಗೊತ್ತಿದ್ರೆ ಫೋನು ತಗೋತಿರಲಿಲ್ಲ ನೋಡಿ," ಎಂದರು. ಮಗಳು ಹೇಗಿದ್ದಾಳೆ ಎಂದು ಕೇಳಿದೆ. ಮರುಪರೀಕ್ಷೆಗೆ ಓದುತ್ತಿದ್ದಾಳಂತೆ.

ಮನೆಯಲ್ಲಿ ಪಾಸಾಯಿತು ಎಂದೆ. ಅಣ್ಣ ತಲೆಯಾಡಿಸಿದ. ಅವನೀಗ ಹೆಚ್ಚಾಗಿ ತಲೆಯಲ್ಲೇ ಉತ್ತರ ಕೊಡುತ್ತಾನೆ.

ಏಪ್ರಿಲ್ 15, ಮಂಗಳವಾರ

ಕಾನೂನು ಇಂದಿನಿಂದ ಜಾರಿ. ಬೆಳಿಗ್ಗೆಯಿಂದ ಸೆಕೆ.

ಏಪ್ರಿಲ್ 22, ಮಂಗಳವಾರ

ಗುರುವಾರ ನಮ್ಮ ಬೀದಿಯಲ್ಲಿ ಹತ್ತರಿಂದ ನಾಲ್ಕರವರೆಗೆ ಕರೆಂಟು ಇರುವುದಿಲ್ಲ. ಕಂಪನಿ ಫೋನಿಗೆ ಸಂದೇಶ ಕಳಿಸಿದೆ, ಮೊದಲು ನೋಡಿದವರು ಅತ್ತಿಗೆ. ನಾನು ಕಂಪನಿಗೆ ಫೋನು ಮಾಡಿ ಬ್ಯಾಟರಿಯ ವಿಷಯ ಕೇಳಿದೆ. ಎತ್ತಿಕೊಂಡ ಹುಡುಗ ಮರ್ಯಾದೆಯಿಂದಲೇ, "ಅದು ಹಳೇ ಕಾನೂನು ಮೇಡಂ. ಹೊಸ ನಡಾವಳಿ ಇನ್ನೂ ತಯಾರಾಗ್ತಿದೆ. ನಿಮ್ಮ ಕೋರಿಕೆ ಬರ್ಕೊಂಡಿದ್ದೀನಿ," ಎಂದ.

ನಮ್ಮ ಸಣ್ಣ ಬ್ಯಾಟರಿ ನಾಲ್ಕರ ಅಂಕಿಯಲ್ಲಿ ಒಂದು ಗಂಟೆ ನಿಲ್ಲುತ್ತದೆ, ಬಾಡಿಗೆಯ ಸಣ್ಣ ಸಿಲಿಂಡರು ತಂದರೆ ಇನ್ನೊಂದು ಗಂಟೆ. ಬಾಡಿಗೆ ಬ್ಯಾಟರಿಗೆ ಎರಡು ಕಡೆ ವಿಚಾರಿಸಿದೆ, ಬೀದಿಯಲ್ಲಿ ಇನ್ಯಾರೋ ಮೊದಲೇ ಹೇಳಿಟ್ಟಿದ್ದಾರೆ. ಆಸ್ಪತ್ರೆಯವರು ಆ ಹೊತ್ತಿಗೆ ಹಾಸಿಗೆ ಖಾಲಿ ಇದ್ದರೆ ಹಗಲಿನ ಮಟ್ಟಿಗೆ ಕೊಡುತ್ತೇವೆ, ಮೊದಲೇ ಹೇಳಲಾಗುವುದಿಲ್ಲ ಎಂದರು. ಅಣ್ಣನನ್ನು ಮೆಟ್ಟಿಲಿಳಿಸಲು ಅಂಗಡಿಯವರಿಬ್ಬರಿಗೂ ಅತ್ತಿಗೆ ಹೇಳಿ ಬಂದಿದ್ದಾರೆ.

ಅಣ್ಣನಿಗೆ ತಿಳಿಸಿದಾಗ, "ಯಾವತ್ತು?" ಎಂದ. ಗುರುವಾರ ಎಂದೆ. "ಸರಿ," ಎಂದ.

ಅದೇ ದಿನ ಹತ್ತೂವರೆಗೆ ಸಮಿತಿಯ ಸಭೆ. ಮಸೂದೆ ಬೇರೆ, ನದಿ ದಂಡೆಯ ಕಟ್ಟಡಗಳದು. ರಜೆ ಬೇಕೆಂದೆ. "ನೀವಿಲ್ಲದಿದ್ರೆ ಕೋರಂ ಯಾರು ನೋಡ್ತಾರ್ರೀ?" ಎಂದರು ಸಾಹೇಬರು. ಗೊತ್ತಿಲ್ಲ ಎಂದು ಹೇಳಿ ರಜೆ ಚೀಟಿ ಮೇಜಿನ ಮೇಲಿಟ್ಟು ಬಂದೆ.

ಹಾಸಿಗೆ ಇದ್ದರೂ ಇಲ್ಲದಿದ್ದರೂ ಆಂಬುಲೆನ್ಸ್ ಗುರುವಾರ ಎಂಟೂವರೆಗೆ ಬರುತ್ತದೆ. ಕರೆಂಟು ಹತ್ತಕ್ಕೆ ಹೋಗುತ್ತದೆ.